ಹೂ ಮುಖ್ಯವೋ, ಬೇರು ಮುಖ್ಯವೋ?

ಹೂ ಬಿಟ್ಟಿರೋ ಗಿಡದ ಕುಂಡ ಬದಲಿಸಬಾರದು ಅನ್ನೋದು ನಮ್ಮಲ್ಲಿ ಹೆಚ್ಚುಕಡಿಮೆ ಶಾಸ್ತ್ರದ ಮಾತು. ಊರಿಗೆ ಫೋನ್ ಮಾಡಿ ಕೇಳಿದರೂ ಅವ್ವ ಅದನ್ನೇ ಹೇಳ್ತಾಳೆ: "ಹೂವಿನ ಗಿಡಕ್ಕ ಕೈ ಹಚ್ಚಬ್ಯಾಡೊ ತಮ್ಮಾ." ಮಲ್ಲಿಗೆ, ಗುಲಾಬಿ, ದಾಸವಾಳದ ಮಟ್ಟಿಗೆ ಅವ್ವನ ಮಾತು ನೂರಕ್ಕೆ ನೂರು ಸರಿ. ಆದರೆ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತಿರೋ ಆರ್ಕಿಡ್‌ಗೂ ಅದೇ ಶಾಸ್ತ್ರ ಹೇಳಿದರೆ ನಾನು ಒಪ್ಪಲ್ಲ. ಹೂವಿದ್ದರೂ ಸರಿ, ಮೊಗ್ಗಿದ್ದರೂ ಸರಿ, ಇವತ್ತೇ ಕಿತ್ತು ಬೇರೆ ಕುಂಡಕ್ಕೆ ಹಾಕಿ. ಇದು ನನ್ನ ವಾದ. ಜಗಳಕ್ಕೂ ರೆಡಿ :-)

ಗೋಕಾಕ ತಾಲ್ಲೂಕಿನ ಮಮದಾಪುರದವನಿಗೂ ಆರ್ಕಿಡ್‌ಗೂ ಎತ್ತಣ ಸಂಬಂಧ ಅಂತೀರಾ? ನಮ್ಮ ಹೊಲದಲ್ಲಿ ಬೆಳೆಯೋ ಗಿಡವಂತೂ ಅಲ್ಲ. ಬೆಂಗಳೂರಿಗೆ ಬಂದು ಕೆಲಸ ಹಿಡಿದ ಮೇಲೆ ಇದರ ಪರಿಚಯ ಆಯ್ತು. ಗೃಹಪ್ರವೇಶಕ್ಕೆ ಆರ್ಕಿಡ್, ಬರ್ತ್‌ಡೇಗೆ ಆರ್ಕಿಡ್, ಪ್ರಮೋಷನ್ ಸಿಕ್ಕರೆ ಆರ್ಕಿಡ್. ಬಣ್ಣದ ಕಾಗದ ಸುತ್ತಿ, ತಳದಲ್ಲಿ ತೂತೇ ಇಲ್ಲದ ಚಂದದ ಪಿಂಗಾಣಿ ಕುಂಡದಲ್ಲಿಟ್ಟು ಕೊಡ್ತಾರೆ. ಕಷ್ಟ ಶುರುವಾಗೋದೇ ಆ ಕುಂಡದಿಂದ.

ಅಂಗಡಿಯಲ್ಲಿ ಹೀಗೆ ಸಿಗೋದು ಹೆಚ್ಚಾಗಿ ಫಲನಾಪ್ಸಿಸ್. ಪತಂಗದ ಹಾಗೆ ಕಾಣುತ್ತೆ ಅಂತ ಬ್ಲೂಮ್ ಅನ್ನೋ ಸಸ್ಯಶಾಸ್ತ್ರಜ್ಞ 1825ರಲ್ಲಿ ಇಟ್ಟ ಹೆಸರು. ಕಾಡಿನಲ್ಲಿ ಇದು ಹೆಚ್ಚಾಗಿ ಮರದ ತೊಗಟೆ ಹಿಡಿದು ಬದುಕುತ್ತೆ. ಹಾಗಂತ ಬಂದಳಿಕೆಯ ಥರ ಮರದ ರಸ ಹೀರಲ್ಲ, ಮರ ಬರೀ ಆಸರೆ. ಬೇರಿನ ಸುತ್ತ ವೆಲಮೆನ್ ಅಂತ ಸ್ಪಂಜಿನಂಥ ಪದರ ಇರುತ್ತೆ. ಮಳೆ ಬಂದಾಗ ಅದು ಬೇಗ ನೀರು ಹೀರಿಕೊಂಡು ಹಸಿರಾಗುತ್ತೆ, ಗಾಳಿಗೆ ಒಣಗಿ ಬೆಳ್ಳಗಾಗುತ್ತೆ. ನೆನೆಯೋದು, ಒಣಗೋದು, ಮತ್ತೆ ನೆನೆಯೋದು. ಈ ಬೇರಿನ ಬದುಕೇ ಅಷ್ಟು.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಸೀತಾಳೆ ದಂಡೆಯೂ ಆರ್ಕಿಡ್ಡೇ. ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪುಷ್ಪವೂ ಅದೇ ಹೂವು. ಮಲೆನಾಡಲ್ಲಿ ತಿಂಗಳುಗಟ್ಟಲೆ ಮಳೆ ಸುರಿದರೂ ಮರದ ಮೇಲಿನ ಸೀತಾಳೆ ದಂಡೆ ಕೊಳೆಯಲ್ಲ, ಯಾಕೆ? ನೀರು ಅಲ್ಲಿ ನಿಲ್ಲೋದೇ ಇಲ್ಲ, ಹರಿದುಹೋಗುತ್ತೆ. ಹಿಂದೆಯೇ ಗಾಳಿ ಬರುತ್ತೆ. ಅಂದರೆ ಗಿಡವನ್ನು ಕೊಲ್ಲೋದು ಬರೀ ನೀರಲ್ಲ, ನೀರಿನ ಜೊತೆ ಗಾಳಿ ಇಲ್ಲದಿರೋದು.

ಇಲ್ಲೊಂದು ಮೋಸವಿದೆ ನೋಡಿ. ನೀರು ಸಾಲದಿದ್ದರೆ ಎಲೆ ಸುಕ್ಕಾಗಿ ಜೋತುಬೀಳುತ್ತೆ. ನೀರು ಹೆಚ್ಚಾಗಿ ಬೇರು ಕೊಳೆತರೂ ಎಲೆ ಸುಕ್ಕಾಗಿ ಜೋತುಬೀಳುತ್ತೆ, ಯಾಕಂದ್ರೆ ಕುಡಿಯೋಕೆ ಬೇರೇ ಉಳಿದಿರಲ್ಲ. ಎಲೆ ಬಾಡಿತು ಅಂತ ಇನ್ನೊಂದು ಲೋಟ ನೀರು ಹಾಕ್ತೇವೆ. ಬೇರು ಇನ್ನಷ್ಟು ಕೊಳೆಯುತ್ತೆ, ಎಲೆ ಇನ್ನಷ್ಟು ಬಾಡುತ್ತೆ, ಮತ್ತೊಂದು ಲೋಟ. ನಮ್ಮ ಕಸುಬಿನ ಭಾಷೆಯಲ್ಲಿ ಇದು ಇನ್‌ಫೈನೈಟ್ ಲೂಪ್. ಗಿಡ ಸತ್ತ ಮೇಲೇ ಹೊರಗೆ ಬರೋದು.

ಇಷ್ಟೆಲ್ಲ ಆಗ್ತಿದ್ದರೂ ಮೇಲೆ ಹೂ ನಗ್ತಾ ಇರುತ್ತೆ! ಫಲನಾಪ್ಸಿಸ್ ಹೂ ಎರಡು ಮೂರು ತಿಂಗಳು ನಿಲ್ಲುತ್ತೆ. ದಪ್ಪ ಎಲೆಗಳಲ್ಲಿ ಕೂಡಿಟ್ಟ ನೀರು, ಆಹಾರ ಕೆಲದಿನ ಹೂವನ್ನು ಸಾಕುತ್ತೆ. ನೋಡಿದವರು "ಹೂ ಮುಗೀಲಿ, ಆಮೇಲೆ ಕುಂಡ ಬದಲಿಸಿದರಾಯ್ತು" ಅಂತಾರೆ. ಕೊಳೆತ ಬೇರಿಗೆ ಮೂರು ತಿಂಗಳು ಅಂದರೆ ಏನು ಗೊತ್ತಾ? ಶ್ರದ್ಧಾಂಜಲಿಗೆ ದಿನ ಗೊತ್ತು ಮಾಡಿದ ಹಾಗೆ.

ನನ್ನ ಟೀಮಿನ ಗೆಳತಿಯೊಬ್ಬಳ ಗಿಡ ಹೀಗೇ ಆಗಿತ್ತು. ಅವಳ ಅಪ್ಪ ಮೊದಲ ಸಲ ಬೆಂಗಳೂರಿಗೆ ಬಂದಾಗ ಕೊಡಿಸಿದ್ದು. ಎಂಟು ಹೂ. ಒಳಗಿನ ಪ್ಲಾಸ್ಟಿಕ್ ಕುಂಡದಿಂದ ಬಿಡಿಸಿ ನೋಡಿದರೆ ಗಟ್ಟಿ ಬೇರು ಉಳಿದಿದ್ದು ಮೂರೇ ಮೂರು. ಹೂವಿನ ದಂಟು ಕತ್ತರಿಸೋಣ ಅಂದರೆ "ಅಪ್ಪ ಕೊಡಿಸಿದ್ದು ಕಣೋ" ಅಂತ ಕತ್ತರಿ ಕಿತ್ತುಕೊಂಡಳು. ಅಪ್ಪ ಕೊಡಿಸಿದ್ದು ಗಿಡವಾ, ಹೂವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಕತ್ತರಿಸಿದಳು. ಆ ದಂಟು ಗಾಜಿನ ಲೋಟದ ನೀರಲ್ಲಿ ಎರಡು ವಾರ ಚೆನ್ನಾಗೇ ಇತ್ತು. ನಾಲ್ಕು ತಿಂಗಳಾದ ಮೇಲೆ ಗಿಡದ ಬುಡದಲ್ಲಿ ಹಸಿರು ತುದಿಯ ಎರಡು ಹೊಸ ಬೇರು ಬಂದವು. ಅಪ್ಪನಿಗೆ ಫೋಟೋ ಕಳಿಸಿದ್ದು ಆ ಬೇರಿನದೇ.

ಎದುರು ವಾದಕ್ಕೂ ಬರೋಣ. ಕುಂಡ ಬದಲಿಸಿದರೆ ಗಿಡಕ್ಕೆ ಶಾಕ್ ಆಗುತ್ತೆ, ಮೊಗ್ಗು ಉದುರುತ್ತೆ ಅಂತಾರೆ. ಸುಳ್ಳಲ್ಲ, ಉದುರಬಹುದು. ಆದರೆ ಮಲ್ಲಿಗೆಯನ್ನು ಮಣ್ಣಿಂದ ಕಿತ್ತಾಗ ಕೂದಲಿನಂಥ ಸಣ್ಣ ಬೇರುಗಳು ಹರಿಯುತ್ತವೆ. ಆರ್ಕಿಡ್ ಬೇರು ದಪ್ಪ, ನೆನೆಸಿ ನಿಧಾನಕ್ಕೆ ಬಿಡಿಸಿದರೆ ಅಷ್ಟು ಹರಿಯಲ್ಲ. ಇನ್ನು ಬೇರೇ ಕೊಳೆತ ಮೇಲೆ ಮೊಗ್ಗು ಹೇಗಿದ್ದರೂ ಉದುರೋದೇ. ಹಾಗಂತ ಸಿಕ್ಕಸಿಕ್ಕ ಗಿಡ ಕಿತ್ತು ನೋಡಿ ಅಂತಲೂ ನಾನು ಹೇಳಲ್ಲ. ಬೇರು ಹಿಚುಕಿದಾಗ ಗಟ್ಟಿಯಾಗಿದ್ದರೆ ನಿಂತ ನೀರು ಚೆಲ್ಲಿ, ಗಾಳಿ ಆಡೋ ಕಡೆ ಇಟ್ಟು ಒಣಗಲು ಬಿಟ್ಟರೆ ಸಾಕು. ಬೇರು ಕಂದಾಗಿ, ಮೆತ್ತಗಾಗಿ, ಹಿಚುಕಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ ಮಾತ್ರ ಕತ್ತರಿ ತಗೊಳ್ಳಿ.

ಕೆಲಸ ಕಷ್ಟದ್ದಲ್ಲ. ಹಳೇ ಪಾಚಿ ಪೂರ್ತಿ ತೆಗೀರಿ. ನಟ್ಟ ನಡುವೆ, ಬುಡದಲ್ಲಿ ಒಂದು ಗಟ್ಟಿ ಉಂಡೆ ಅಡಗಿರುತ್ತೆ, ಅದನ್ನೂ ಬಿಡಬೇಡಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸಿ, ಕೆಲವು ಗಂಟೆ ನೆರಳಲ್ಲಿ ಆರಲು ಬಿಡಿ. ಆಮೇಲೆ ತುಂಬಾ ತೂತಿರೋ ಸಣ್ಣ ಪ್ಲಾಸ್ಟಿಕ್ ಕುಂಡ. ಕುಂಡದ ಅಳತೆ ಉಳಿದ ಬೇರು ನೋಡಿ, ಎಲೆ ನೋಡಿ ಅಲ್ಲ. ತುಂಬೋಕೆ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು. ಸಿಪ್ಪೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ತೆಗೀಬೇಕು. ಮಣ್ಣು ಬೇಡವೇ ಬೇಡ. ಅರ್ಧಕ್ಕಿಂತ ಹೆಚ್ಚು ಬೇರು ಉಳಿದಿದ್ದರೆ ಹೂ ಇರಲಿ. ಎರಡು ಮೂರೇ ಉಳಿದಿದ್ದರೆ ದಂಟು ಕತ್ತರಿಸಿ ಲೋಟಕ್ಕೆ ಹಾಕಿ. ಎರಡು ದಿನ ನೀರು ಬೇಡ, ಹೊಸ ಬೇರು ಬರೋವರೆಗೆ ಗೊಬ್ಬರ ಬೇಡ. ಆಮೇಲೂ "ವಾರಕ್ಕೊಮ್ಮೆ ನೀರು" ಅನ್ನೋ ಲೆಕ್ಕ ಬೇಡ. ಬೆಂಗಳೂರಿನ ಮಳೆಗಾಲದ ವಾರವೇ ಬೇರೆ, ಗೋಕಾಕದ ಏಪ್ರಿಲ್ ವಾರವೇ ಬೇರೆ. ಬೇರು ಬೆಳ್ಳಗಾದರೆ ನೀರು, ಹಸಿರಿದ್ದರೆ ಸುಮ್ಮನಿರಿ.

ನನಗೆ ಇಷ್ಟು ಹಟ ಯಾಕೆ ಅಂದರೆ, ಈ "ಆಮೇಲೆ ನೋಡೋಣ" ಅನ್ನೋದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಘಟಪ್ರಭಾ ಕಾಲುವೆ ನೀರು ಬಂದ ಮೇಲೆ ನಮ್ಮ ಭಾಗದ ಎರೆ ಭೂಮಿಯಲ್ಲಿ ಕಬ್ಬು ಬಂತು, ದುಡ್ಡು ಬಂತು. ನೀರು ಹೆಚ್ಚಾಗಿ ಬಸಿಯಲು ದಾರಿಯಿಲ್ಲದ ಕಡೆ ಸವಳು-ಜವಳೂ ಬಂತು. ಮಣ್ಣಿನ ಮೇಲೆ ಬಿಳಿ ಉಪ್ಪು, ಕೆಳಗೆ ಉಸಿರುಗಟ್ಟಿದ ಬೇರು. ಬಸಿಗಾಲುವೆ ತೆಗೀಬೇಕು ಅನ್ನೋದು ಎಲ್ಲರಿಗೂ ಗೊತ್ತು. ಆದರೆ "ಈಗ ಕಬ್ಬು ನಿಂತೈತಿ, ಕಟಾವ್ ಆಗ್ಲಿ ತಡಿ" ಅಂತಾರೆ. ಕಟಾವಾಯ್ತು, ಕೂಳೆ ಚಿಗುರಿತು. ಈಗ ಕೂಳೆ ನಿಂತೈತಿ! ಹಸಿರು ಕಾಣೋವರೆಗೆ ಯಾರೂ ಅಗೆಯಲ್ಲ, ಹಸಿರು ಹೋದ ಮೇಲೆ ಅಗೆಯೋಕೆ ಕೈಯಲ್ಲಿ ದುಡ್ಡಿರಲ್ಲ. ಆಫೀಸಿನಲ್ಲೂ ಇದೇ ಕಥೆ. ಓಡ್ತಿರೋ ಸಿಸ್ಟಮ್ ಮುಟ್ಟಬೇಡ ಅಂತಾರೆ, ಅದು ಹಬ್ಬದ ಹಿಂದಿನ ರಾತ್ರಿ ಮಲಗೋವರೆಗೆ.

ಎರೆ ಹೊಲಕ್ಕೆ ಬಸಿಗಾಲುವೆ ತೋಡೋದು ಸಾವಿರಾರು ರೂಪಾಯಿಯ, ಅಕ್ಕಪಕ್ಕದ ಹೊಲದವರೂ ಒಪ್ಪಬೇಕಾದ ದೊಡ್ಡ ಕೆಲಸ. ಅಲ್ಲಿ ತಡ ಆಗೋದು ನನಗೆ ಅರ್ಥ ಆಗುತ್ತೆ. ಆರ್ಕಿಡ್ ಕುಂಡಕ್ಕೆ ಬೇಕಿರೋದು ಅರ್ಧ ಗಂಟೆ, ಒಂದು ಕತ್ತರಿ, ಎರಡು ಹಿಡಿ ಇದ್ದಿಲು. ಇದಕ್ಕೂ "ಆಮೇಲೆ" ಅಂದರೆ ಹೇಗೆ ಹೇಳಿ?

ನೀವು ಒಪ್ಪದೇ ಇರಬಹುದು. ಪರವಾಗಿಲ್ಲ, ಮೊದಲು ನಿಮ್ಮ ಮನೆಯ ಆರ್ಕಿಡ್‌ನ ಹೊರಗಿನ ಪಿಂಗಾಣಿ ಕುಂಡದೊಳಗೆ ಒಮ್ಮೆ ಇಣುಕಿ ನೋಡಿ. ತಳದಲ್ಲಿ ನೀರಿದ್ದರೆ ಚೆಲ್ಲಿ ಬನ್ನಿ. ಆಮೇಲೆ ಕೂತು ವಾದ ಮಾಡೋಣ.