ಕಿಟಿಕಿಯ ಗಾಜಿಗೆ ಬಿಸಿನೀರೇಕೆ?

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ಕರಾವಳಿಯ ಮನೆಗಳಲ್ಲಿ ಬಚ್ಚಲಿನ ಹಂಡೆಯನ್ನು ಹುಣಿಸೆಹುಳಿಯಿಂದ ತಿಕ್ಕಿ ಬೆಳಗಿ, ಬಾವಿಯ ನೀರು ಸೇದಿ ತುಂಬುವ ಸಂಪ್ರದಾಯವುಂಟು. ಮರುದಿನ ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಪೂಸಿಕೊಂಡು ಕುಳಿತವರಿಗೆ ಆ ಹಂಡೆಯ ಸುಡುನೀರೂ ಒಂದು ಹಿಡಿ ಸೀಗೆಪುಡಿಯೂ ಇಲ್ಲದೆ ಬಿಡುಗಡೆಯಿಲ್ಲ. ಜಿಡ್ಡು ತಣ್ಣೀರಿಗೆ ಬಗ್ಗುವುದಿಲ್ಲ, ಬಿಸಿನೀರಿಗೆ ಬಗ್ಗುತ್ತದೆ. ಬಾಲ್ಯದಿಂದಲೂ ಪಡೆದ ಈ ಅನುಭವ ನಮ್ಮ ಮನಸ್ಸಿನಲ್ಲಿ ಒಂದು ನಂಬಿಕೆಯನ್ನು ಊರಿಬಿಟ್ಟಿದೆ: ಕೊಳೆ ಯಾವುದೇ ಇರಲಿ, ನೀರು ಬಿಸಿಯಾದಷ್ಟೂ ಶುಚಿತ್ವ ಹೆಚ್ಚು ಎಂಬುದೇ ಆ ನಂಬಿಕೆ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಪರೀಕ್ಷಿಸಲು ಕಿಟಿಕಿಯ ಗಾಜಿಗಿಂತ ಒಳ್ಳೆಯ ವಸ್ತು ಸಿಕ್ಕಲಾರದು.

ಗಾಜು ತೊಳೆಯುವುದಕ್ಕೆಂದೇ ಪಾಶ್ಚಾತ್ಯ ದೇಶಗಳಲ್ಲಿ ಒಂದು ಏರ್ಪಾಡು ಬಳಕೆಯಲ್ಲಿದೆ. ಒಂದು ವ್ಯಾನಿನೊಳಗೆ ಕೆಲವು ನೂರು ಲೀಟರು ಹಿಡಿಸುವ ತೊಟ್ಟಿ, ಅದರಲ್ಲಿ ಲವಣಗಳನ್ನೆಲ್ಲ ಕಳೆದ ಶುದ್ಧ ನೀರು, ಒಂದು ಪಂಪು, ನೂರು ಮೀಟರಿನಷ್ಟು ಉದ್ದದ ಕೊಳವೆ, ಅದರ ತುದಿಗೆ ಒಂದರೊಳಗೊಂದು ಸೇರಿ ಉದ್ದವಾಗುವ ಹಗುರವಾದ ಕೋಲು, ಕೋಲಿನ ಮೇಲೆ ನೀರು ಚಿಮ್ಮುವ ಬ್ರಷ್ಷು. ಕೆಲಸಗಾರನು ನೆಲದ ಮೇಲೆ ನಿಂತೇ ನಾಲ್ಕೈದನೆಯ ಅಂತಸ್ತಿನ ಗಾಜನ್ನು ಉಜ್ಜಿ ತೊಳೆಯಬಹುದು. ಬಟ್ಟೆಯಿಂದ ಒರೆಸಬೇಕಾಗಿಲ್ಲ. ನೀರಿನಲ್ಲಿ ಕರಗಿದ ಪದಾರ್ಥ ಇಲ್ಲವಾದ್ದರಿಂದ, ಅದು ಆರಿದ ಮೇಲೆ ಕಲೆಯಾಗಿ ಉಳಿಯುವುದಕ್ಕೆ ಏನೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಗಳಿಗೆ ಸಂಬಂಧಿಸಿದ ನಿಯಮಗಳು 2005ರಲ್ಲಿ ಜಾರಿಗೆ ಬಂದ ಮೇಲೆ ಏಣಿಯನ್ನು ಬಿಟ್ಟು ಈ ಕೋಲನ್ನು ಹಿಡಿದವರು ಹಲವರು. ಇಂತಹ ವ್ಯಾನುಗಳಲ್ಲಿ ಕೆಲವಕ್ಕೆ ಡೀಸೆಲಿನಿಂದ ಉರಿಯುವ ಒಂದು ಕಾಯಿಸುವ ಯಂತ್ರವೂ ಸೇರಿಕೊಂಡಿರುತ್ತದೆ.

ಮಣಿಪಾಲದ ಗುಡ್ಡವನ್ನು ಹತ್ತಿ ನೋಡಿದರೆ ಈ ವಿಷಯ ನಮಗೆ ಸಂಬಂಧಿಸಿದ್ದಲ್ಲ ಎಂದು ಯಾರೂ ಹೇಳಲಾರರು. ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ಆರಂಭವಾದ ಆ ಮುರಕಲ್ಲಿನ ಬೋಳುಗುಡ್ಡದ ಮೇಲೆ ಈಗ ಗಾಜಿನ ಮುಖವನ್ನು ಹೊತ್ತ ಬಹುಮಹಡಿಯ ಕಟ್ಟಡಗಳು ಎದ್ದುನಿಂತಿವೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಂತಹ ಗೋಡೆಯಲ್ಲಿ ಜೋತಾಡುತ್ತ, ಒಂದು ಕೈಯಲ್ಲಿ ಬಕೆಟ್ಟನ್ನೂ ಇನ್ನೊಂದರಲ್ಲಿ ಒರಸುವ ಪಟ್ಟಿಯನ್ನೂ ಹಿಡಿದವನನ್ನು ಕೆಳಗಿನಿಂದ ನೋಡುವಾಗ ಎದೆ ಝಲ್ಲೆನ್ನದವರು ಅಪರೂಪ. ಆ ಮನುಷ್ಯನ ಕಾಲು ನೆಲದ ಮೇಲಿರುವಂತೆ ಮಾಡುವ ಯಾವ ಉಪಾಯವೂ ಸ್ವಾಗತಾರ್ಹವೇ. ಆದುದರಿಂದ ವ್ಯಾನೂ ಕೋಲೂ ನಮ್ಮಲ್ಲಿಗೆ ಬರಲಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರೊಡನೆ ಆ ಒಲೆಯೂ ಬರಬೇಕೆ? ಬೇಡ ಎಂದು ನಾನು ಹೇಳುತ್ತೇನೆ; ಕಾರಣಗಳನ್ನು ಓದುಗರೇ ಲೆಕ್ಕ ಹಾಕಿ ನೋಡಬಹುದು.

ಬಿಸಿನೀರಿನ ಪಕ್ಷದಲ್ಲಿ ಹೇಳಬೇಕಾದುದನ್ನು ಮೊದಲು ಹೇಳಿಬಿಡೋಣ. 20 ಡಿಗ್ರಿ ಸೆಂಟಿಗ್ರೇಡಿನಿಂದ 60 ಡಿಗ್ರಿಗೆ ಕಾಯಿಸಿದಾಗ ನೀರಿನ ಸ್ನಿಗ್ಧತೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಅಂದರೆ ಅದು ಸಂದುಗೊಂದುಗಳಲ್ಲಿ ಹೆಚ್ಚು ಸರಾಗವಾಗಿ ಹರಿಯುತ್ತದೆ. ಮೇಲ್ಮೈ ಎಳೆತವೂ ನೂರಕ್ಕೆ ಒಂಬತ್ತರಷ್ಟು ಕುಗ್ಗುತ್ತದೆ. ರಾಸಾಯನಿಕ ಕ್ರಿಯೆಗಳ ವೇಗ ಪ್ರತಿ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಇದೆಲ್ಲ ಸತ್ಯ. ಆದರೆ ಇದೆಲ್ಲ ನೀರು ಬಿಸಿಯಾಗಿ ಇರುವವರೆಗಿನ ಮಾತು. ಗಾಜಿನ ಮೇಲೆ ಬಿದ್ದ ನೀರು ಎಷ್ಟು ಹೊತ್ತು ಬಿಸಿಯಾಗಿರುತ್ತದೆ?

ಐದು ಮಿಲಿಮೀಟರು ದಪ್ಪದ ಗಾಜಿನ ಒಂದು ಚದರ ಮೀಟರನ್ನು ತೆಗೆದುಕೊಳ್ಳಿ. ಅದರ ತೂಕ ಸುಮಾರು ಹನ್ನೆರಡೂವರೆ ಕಿಲೋಗ್ರಾಂ. ಗಾಜಿನ ವಿಶಿಷ್ಟೋಷ್ಣ ನೀರಿನದರ ಐದನೆಯ ಒಂದು ಪಾಲು. ಆದುದರಿಂದ ಶಾಖವನ್ನು ಹೀರುವ ವಿಷಯದಲ್ಲಿ ಆ ಗಾಜು ಎರಡೂವರೆ ಲೀಟರು ನೀರಿಗೆ ಸಮ. ಗಾಜಿನ ಮೇಲೆ ಹರಡಿ ಇಳಿಯುವ ನೀರಿನ ಪದರವಾದರೋ ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ದಪ್ಪವಿದ್ದೀತು. ಒಂದು ಚದರ ಮೀಟರಿಗೆ ಅದು ಲೀಟರಿನ ಐದನೆಯ ಒಂದು ಪಾಲು. ಈಗ 27 ಡಿಗ್ರಿಯ ಗಾಜಿನ ಮೇಲೆ 60 ಡಿಗ್ರಿಯ ಈ ಪದರವನ್ನು ಹರಡಿದರೆ ಎರಡರ ಉಷ್ಣತೆಯೂ ಒಂದಾಗುವುದು ಎಲ್ಲಿ? ಮೂವತ್ತು ಡಿಗ್ರಿಗೂ ಕೆಳಗೆ! ಗಾಜು ಬಿಸಿಯಾಗುವುದು ಎರಡೂವರೆ ಡಿಗ್ರಿಯಷ್ಟು ಮಾತ್ರ. ನೀರು ಒಂದೇ ಸಮನೆ ಬೀಳುತ್ತಿರುತ್ತದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು, ಆಕ್ಷೇಪ ಸರಿಯಾದದ್ದೇ. ಒಂದು ಚದರ ಮೀಟರಿಗೆ ಪೂರ್ತಿ ಒಂದು ಲೀಟರನ್ನು ಸುರಿದು, ಅದರ ಶಾಖವನ್ನೆಲ್ಲ ಗಾಜೇ ಪಡೆಯಿತೆಂದು ಉದಾರವಾಗಿ ಒಪ್ಪಿಕೊಂಡರೂ ಉಷ್ಣತೆ 36 ಡಿಗ್ರಿಗೆ ಏರೀತು, ಅಷ್ಟೆ. ಕೊಳವೆಯಲ್ಲಿ ಹರಿದು ಬರುವಾಗ ಸೋರಿಹೋದ ಶಾಖವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಉಡುಪಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಮೇಲೆ ಕೈಯಿಟ್ಟು ನೋಡಿದವರಿಗೆ 36 ಡಿಗ್ರಿಯೆಂದರೆ ನಗು ಬಂದೀತು. ಸೂರ್ಯನು ಆ ಕೆಲಸವನ್ನು ಆಗಲೇ ಮುಗಿಸಿರುತ್ತಾನೆ. ತಾರಸಿಯ ಮೇಲಣ ಕಪ್ಪು ಟಾಂಕಿಯ ನಲ್ಲಿಯನ್ನು ಆ ಹೊತ್ತಿನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ.

ಇಂಗ್ಲೆಂಡಿನ ಜನವರಿಯ ಬೆಳಗ್ಗೆಯ ಕಥೆ ಬೇರೆ. ಅಲ್ಲಿ ಗಾಜು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಕೊಳವೆ ಸೆಟೆದುಕೊಂಡು ಕೋಲಿನಂತಾಗುತ್ತದೆ. ಕೆಲಸಗಾರನ ಬೆರಳುಗಳು ಮರಗಟ್ಟುತ್ತವೆ. ಅಲ್ಲಿ ನೀರನ್ನು ಬೆಚ್ಚಗೆ ಮಾಡಿಕೊಳ್ಳುವುದು ಅರ್ಧಕ್ಕರ್ಧ ಗಾಜಿಗಾಗಿ ಅಲ್ಲ, ಮನುಷ್ಯನಿಗಾಗಿ. ಆ ಅನುಕೂಲವನ್ನು ನಾನು ಹಳಿಯುವುದಿಲ್ಲ. ನಮ್ಮ ಕೆಲಸಗಾರನಿಗೆ ಬೇಕಾದುದು ತಲೆಯ ಮೇಲೊಂದು ಮುಟ್ಟಾಳೆಯೂ ಕುಡಿಯಲು ನೀರೂ.

ಇನ್ನು ಕೊಳೆಯ ವಿಚಾರ. ಕೊಳೆ ಎಂಬುದು ಒಂದೇ ವಸ್ತುವಲ್ಲ. ಊರೂರಿಗೂ ಅದು ಬೇರೆ. ಕಾಪುವಿನ ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ತೆರೆ ಬಂಡೆಗೆ ಬಡಿದಾಗಲೆಲ್ಲ ಹಾರುವ ತುಂತುರು ಗಾಳಿಯಲ್ಲಿ ತೇಲಿ ಬಂದು ಅದರ ಲಾಂದ್ರದ ಗಾಜಿಗೂ ಸುತ್ತಲಿನ ಮನೆಗಳ ಕಿಟಿಕಿಗಳಿಗೂ ಅಂಟುತ್ತದೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದಷ್ಟೆ. ಈ ಉಪ್ಪನ್ನು ಕರಗಿಸುವುದಕ್ಕೆ ಬಿಸಿನೀರು ಬೇಕೆ? ಸಕ್ಕರೆಯು ಬಿಸಿನೀರಿನಲ್ಲಿ ಬಹಳ ಹೆಚ್ಚು ಕರಗುವುದನ್ನು ಕಂಡವರು ಉಪ್ಪೂ ಹಾಗೆಯೇ ಎಂದು ಭಾವಿಸುತ್ತಾರೆ. ಹಾಗಲ್ಲ. ನೂರು ಗ್ರಾಂ ನೀರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಅಡಿಗೆಯುಪ್ಪು ಕರಗಿದರೆ 60 ಡಿಗ್ರಿಯಲ್ಲಿ 37 ಗ್ರಾಂ. ಈ ಒಂದು ಗ್ರಾಮಿನ ಲಾಭಕ್ಕಾಗಿ ಯಾರೂ ಒಲೆ ಹೊತ್ತಿಸಲಾರರು. ಅಲ್ಲದೆ ಕಡಲುಪ್ಪಿನಲ್ಲಿರುವ ಮೆಗ್ನೀಸಿಯಂ ಲವಣಗಳು ಗಾಳಿಯ ತೇವವನ್ನು ತಾವೇ ಹೀರಿಕೊಳ್ಳುತ್ತವೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದೂ, ಕಾಪುವಿನ ಕಿಟಿಕಿ ಸದಾ ಅಂಟುಅಂಟಾಗಿ ಧೂಳನ್ನು ಹಿಡಿದುಕೊಳ್ಳುವುದೂ ಇದೇ ಗುಣದಿಂದ. ಅರ್ಧ ಕರಗಿಯೇ ಕುಳಿತಿರುವ ಈ ಉಪ್ಪು ತಣ್ಣೀರಿನ ಧಾರೆಗೆ ಕಾಯುತ್ತಿರುತ್ತದೆ ಎನ್ನಬೇಕು.

ಎರಡನೆಯದು ಕೆಂಪು ಧೂಳು. ಮಣಿಪಾಲದಲ್ಲಿಯೂ ಕಾರ್ಕಳದ ದಾರಿಯುದ್ದಕ್ಕೂ ಮುರಕಲ್ಲಿನ ನೆಲವನ್ನು ಅಗೆದಲ್ಲೆಲ್ಲ ಏಳುವ ಈ ಧೂಳಿಗೆ ಬಣ್ಣವನ್ನಿತ್ತಿರುವುದು ಕಬ್ಬಿಣದ ಆಕ್ಸೈಡು. ಅದು ತಣ್ಣೀರಿನಲ್ಲಿಯೂ ಕರಗುವುದಿಲ್ಲ, ಕುದಿಯುವ ನೀರಿನಲ್ಲಿಯೂ ಕರಗುವುದಿಲ್ಲ. ಅದನ್ನು ತೆಗೆಯುವುದು ಬ್ರಷ್ಷಿನ ಕೆಲಸ; ನೀರು ಬರಿಯ ಹೊರೆಯಾಳು. ಮೂರನೆಯದು ಪಾಚಿ. ಕಾರ್ಕಳದಲ್ಲಿ 1432ರಲ್ಲಿ ನಿಂತ ಬಾಹುಬಲಿಯ 42 ಅಡಿಯ ಕಲ್ಲಿನ ಮೈಯನ್ನೂ ಬಿಡದ ನಮ್ಮ ಮಳೆ, ಕಿಟಿಕಿಯ ಚೌಕಟ್ಟನ್ನು ಬಿಟ್ಟೀತೆ? ಬಿಸಿನೀರು ಪಾಚಿಯನ್ನು ಕೊಲ್ಲುತ್ತದೆ, ನಿಜ. ಆದರೆ ಅದಕ್ಕೆ ಆ ಬಿಸಿ ಕೆಲಕಾಲ ನಿಲ್ಲಬೇಕು. ಗಾಜಿನ ಮೇಲೆ ಅದು ನಿಲ್ಲುವುದಿಲ್ಲವೆಂದು ಈಗಷ್ಟೇ ಕಂಡೆವು.

ಉಳಿದದ್ದು ಜಿಡ್ಡು, ಹಂಡೆಯ ಸ್ನಾನದ ಜಿಡ್ಡು. ಇಲ್ಲಿಯೂ ನಮ್ಮ ನಾಡಿನ ಹವೆ ಒಂದು ಉಪಕಾರ ಮಾಡಿದೆ. ತೆಂಗಿನೆಣ್ಣೆ ಕರಗುವುದು 24–25 ಡಿಗ್ರಿಯಲ್ಲಿ. ಲಂಡನ್ನಿನ ಕಪಾಟಿನಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿರುವ ಅದು ಉಡುಪಿಯಲ್ಲಿ ಡಿಸೆಂಬರು, ಜನವರಿಯ ಕೆಲವು ಚಳಿಯ ಬೆಳಗ್ಗೆಗಳನ್ನು ಬಿಟ್ಟರೆ ವರ್ಷವಿಡೀ ದ್ರವವೇ. ಬಿಸಿನೀರು ಅದನ್ನು ಕರಗಿಸಬೇಕಾದ ಅವಶ್ಯಕತೆ ಇಲ್ಲ; ಸ್ವಲ್ಪ ಸಾಬೂನು ಸಾಕು. ಒಂದು ಕಡೆ ಮಾತ್ರ ನಾನು ಸೋಲೊಪ್ಪಿಕೊಳ್ಳುತ್ತೇನೆ. ದೋಸೆಯ ಕಾವಲಿ ಬೆಳಗಿನಿಂದ ರಾತ್ರಿಯವರೆಗೆ ಕಾಯುತ್ತಿರುವ ನಮ್ಮ ಹೋಟೆಲುಗಳ ಅಡಿಗೆಮನೆಯ ಕಿಟಿಕಿಗಳಲ್ಲಿ, ಎಣ್ಣೆಯ ಹೊಗೆ ತಿಂಗಳುಗಟ್ಟಲೆ ಕುಳಿತು, ಗಾಳಿಯ ಆಮ್ಲಜನಕದೊಡನೆ ಕೂಡಿ ವಾರ್ನಿಷಿನಂತೆ ಬಿಗಿದಿರುತ್ತದೆ. ಅಲ್ಲಿ ಬಿಸಿನೀರು ಬೇಕು. ಅದರೊಡನೆ ಸೋಡಾಖಾರವೂ ಬೇಕು. ಆದರೆ ಅದಕ್ಕೆ ಬೇಕಾದುದು ಒಂದು ಬಕೆಟ್ಟು. ಹೋಟೆಲಿನಲ್ಲಿ ಬಿಸಿನೀರಿಗೆ ಬರವೆ?

ಆ ಒಂದು ಬಕೆಟ್ಟಿನ ಬದಲಿಗೆ ವ್ಯಾನಿನ 500 ಲೀಟರನ್ನು 27ರಿಂದ 60 ಡಿಗ್ರಿಗೆ ಕಾಯಿಸಲು 16,500 ಕಿಲೋಕ್ಯಾಲೊರಿ ಶಾಖ ಬೇಕು. ವಿದ್ಯುತ್ತಿನಲ್ಲಿ ಇದು ಸುಮಾರು 19 ಯೂನಿಟ್ಟು. ಡೀಸೆಲಿನಲ್ಲಿ, ಒಲೆಯ ನಷ್ಟವನ್ನೂ ಸೇರಿಸಿದರೆ, ಎರಡೂವರೆ ಲೀಟರಿನ ಹತ್ತಿರ. ಇದು ದಿನದಿನದ ಖರ್ಚು. ಜೊತೆಗೆ ವ್ಯಾನಿನೊಳಗೆ ಬೆಂಕಿ, ಅದರ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ಚರ್ಮವನ್ನು ಬೇಯಿಸಬಲ್ಲುದು. ಶುದ್ಧೀಕರಣಕ್ಕೂ ಬಿಸಿ ಆಗುವುದಿಲ್ಲ: ಲವಣಗಳನ್ನು ತಡೆಯುವ ಸೂಕ್ಷ್ಮ ಪೊರೆಗಳು ಸಾಮಾನ್ಯವಾಗಿ 45 ಡಿಗ್ರಿಯ ಮೇಲೆ ಕೆಡುತ್ತವೆ. ಆದುದರಿಂದ ಶುದ್ಧಿ ಮಾಡಿದ ಬಳಿಕವೇ ಕಾಯಿಸಬೇಕು.

ನಿಜವಾಗಿ ಕೆಲಸ ಮಾಡುವುದು ನೀರಿನ ಬಿಸಿಯಲ್ಲ, ಅದರ ಶುದ್ಧಿ. ಗಡಸು ನೀರನ್ನು ಕಾಯಿಸಿದರೆ ಅದರೊಳಗಿನ ಸುಣ್ಣದ ಅಂಶ ಕರಗುವುದರ ಬದಲು ಬೇರ್ಪಟ್ಟು ಕುಳಿತುಕೊಳ್ಳುತ್ತದೆ. ಬಯಲುಸೀಮೆಯ ಹಂಡೆಗಳ ಒಳಗೆ ಬಿಳಿಯ ಹೊಪ್ಪಳಿಕೆ ಕಟ್ಟುವುದು ಹೀಗೆಯೇ. ಈ ವಿಷಯದಲ್ಲಿ ನಾವು ಭಾಗ್ಯವಂತರು. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೃದು. ಕಡಲಂಚಿನ ಕೆಲವು ಬಾವಿಗಳಲ್ಲಿ ಮಾತ್ರ ಉಪ್ಪು ನುಗ್ಗುತ್ತದೆ. ಅದಕ್ಕೂ ಮಿಗಿಲಾಗಿ, ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ಬೀಳುವುದೇ ನಾಲ್ಕು ಲಕ್ಷ ಲೀಟರು. ಬಟ್ಟಿಯಿಳಿಸಿದ ನೀರಿಗೆ ಅತಿ ಸಮೀಪದ್ದು, ದರವಿಲ್ಲದ್ದು. ಇದರಲ್ಲಿ ಒಂದಂಶವನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟುಕೊಂಡರೆ ಶುದ್ಧೀಕರಿಸುವ ಯಂತ್ರದ ಹೊರೆಯೂ ಬಹುಪಾಲು ಇಳಿದಂತೆ.

ಇದು ಕೇವಲ ಹಣದ ಮಾತಲ್ಲ. ಉಡುಪಿಗೂ ಮಣಿಪಾಲಕ್ಕೂ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಳ ಹಿಡಿದು, ಪೇಟೆಯ ಜನ ಸರದಿಯ ಮೇಲೆ ನೀರು ಪಡೆಯಬೇಕಾಯಿತು. ಗಾಜು ಅತ್ಯಂತ ಕೊಳೆಯಾಗಿ ಕಾಣುವುದೂ ಅದೇ ಎಪ್ರಿಲ್, ಮೇ ತಿಂಗಳುಗಳಲ್ಲಿ. ಕೊಡಪಾನ ಹಿಡಿದು ನಿಂತವರ ಎದುರಿನಲ್ಲಿ ನದಿಯ ನೀರನ್ನು ಕಾಯಿಸಿ ಕಟ್ಟಡದ ಮುಖಕ್ಕೆ ಎರಚುವುದನ್ನು ನಾನಂತೂ ಸಮರ್ಥಿಸಲಾರೆ. ಹಿಂದಿನ ಶ್ರಾವಣದ ಮಳೆಯನ್ನು ತೊಟ್ಟಿಯಲ್ಲಿಟ್ಟುಕೊಂಡವನು ತೊಳೆಯಲಿ. ಉಳಿದವರು ಮಳೆಗಾಲದವರೆಗೆ ಕಾಯಬಹುದು.

ಕೋಲಿನ ಬಗೆಗೂ ಒಂದು ಎಚ್ಚರಿಕೆ ಉಂಟು. ಹಗುರವಾದ ಇಂಗಾಲದ ನಾರಿನ ಕೋಲುಗಳು ವಿದ್ಯುತ್ತನ್ನು ಹರಿಯಗೊಡುತ್ತವೆ. ನಮ್ಮ ಬೀದಿಗಳಲ್ಲಿ ತಂತಿಗಳು ಕಿಟಿಕಿಗಳ ಎದುರಿನಲ್ಲಿಯೇ ಹಾದುಹೋಗುತ್ತವೆ. ಒಲೆಗೆ ಮೀಸಲಿಟ್ಟ ಹಣವನ್ನು ಆ ಕೆಲಸಗಾರನ ತರಬೇತಿಗೂ ವಿದ್ಯುತ್ತು ಹರಿಯದ ಕೋಲಿಗೂ ವಿನಿಯೋಗಿಸುವುದು ಮೇಲು.

ನನ್ನ ಮಾತನ್ನು ನಂಬಲೇಬೇಕೆಂದಿಲ್ಲ. ಒಡೆದ ಕಿಟಿಕಿಯ ಗಾಜಿನ ಆರು ತುಂಡುಗಳನ್ನು ಅಂಚು ಉಜ್ಜಿಸಿ ತನ್ನಿರಿ. ಎರಡಕ್ಕೆ ಉಪ್ಪುನೀರು, ಎರಡಕ್ಕೆ ಕೆಂಪುಮಣ್ಣಿನ ಬಗ್ಗಡ, ಎರಡಕ್ಕೆ ತೆಂಗಿನೆಣ್ಣೆ ಸವರಿ ಒಂದು ವಾರ ಬಿಸಿಲಿಗಿಡಿರಿ. ಪ್ರತಿ ಜೋಡಿಯಲ್ಲಿ ಒಂದನ್ನು ತಣ್ಣೀರಿನಿಂದಲೂ ಇನ್ನೊಂದನ್ನು ಅಷ್ಟೇ ಅಳತೆಯ ಬಿಸಿನೀರಿನಿಂದಲೂ, ಬ್ರಷ್ಷನ್ನು ಒಂದೇ ಸಂಖ್ಯೆಯ ಸಲ ಆಡಿಸಿ ತೊಳೆಯಿರಿ. ಬಳಿಕ ಬೇರೊಂದು ಶುಚಿಯಾದ ಗಾಜಿನ ಮೇಲೆ ಕಡಲಂಚಿನ ಬಾವಿಯ ನೀರಿನ ಒಂದು ಹನಿ, ನಲ್ಲಿಯ ನೀರಿನ ಒಂದು ಹನಿ, ಮಳೆನೀರಿನ ಒಂದು ಹನಿಯನ್ನಿಟ್ಟು ನೆರಳಿನಲ್ಲಿ ಆರಗೊಟ್ಟು, ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿರಿ. ಜುಲೈಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಇದನ್ನು ಮಾಡಿದವರು ತಮ್ಮ ಟಿಪ್ಪಣಿಗಳನ್ನು ಹೋಲಿಸಿಕೊಳ್ಳಬಹುದು.