ತಲೆನೋವಿಗೆ ಧ್ಯಾನ

1955ರಲ್ಲಿ ಬರ್ಮಾದ ಸಿರಿವಂತ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ ಅರೆತಲೆನೋವು ತಾಳಲಾರದೆ ರಂಗೂನಿನಲ್ಲಿ ಧ್ಯಾನ ಕಲಿಸುತ್ತಿದ್ದ ಊ ಬಾ ಖಿನ್ ಅವರ ಬಳಿ ಹೋದರು. ಬಾ ಖಿನ್ ಭಿಕ್ಖುವಲ್ಲ. ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥ. ತಲೆನೋವು ವಾಸಿಯಾಗಲೆಂದು ಬರುವುದಾದರೆ ಬರಬೇಡಿ, ವಿಪಶ್ಯನ ಧ್ಯಾನದ ಬೆಲೆ ಕಳೆಯಬೇಡಿ ಎಂದರಂತೆ ಅವರು. ಮನಸ್ಸು ತೊಳೆಯಲು ಬನ್ನಿ, ನೋವು ಹೋದರೆ ಹೋಗಲಿ. ಈ ಪ್ರಸಂಗವನ್ನು ಗೋಯೆಂಕಾ ಅವರೇ ಹೇಳಿಕೊಂಡಿದ್ದಾರೆ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ನೋವಿನವರನ್ನೇ ಕರೆದು ಕೂರಿಸಿದರು. ಹಲವು ವಾರಗಳ ತರಗತಿ. ಉಸಿರು ಗಮನಿಸುವುದು, ಮೈಯ ಸಂವೇದನೆ ನೋಡುವುದು. ಬುದ್ಧನ ಹೆಸರಿಲ್ಲ, ಬುದ್ಧ-ಧಮ್ಮ-ಸಂಘಗಳಿಗೆ ಶರಣೆನ್ನುವ ತ್ರಿಶರಣವಿಲ್ಲ. ಮೈಂಡ್‌ಫುಲ್‌ನೆಸ್ ಎಂದು ಇಂದು ಮೊಬೈಲ್ ಆ್ಯಪ್‌ಗಳಲ್ಲಿ ಸಿಗುವುದು ಬಹುಪಾಲು ಇದರ ಸಂತಾನವೇ.

ಧರ್ಮವನ್ನು ಕಿತ್ತು ತಂತ್ರವನ್ನಷ್ಟೇ ಉಳಿಸಿಕೊಂಡರು ಎಂಬ ದೂರು ಸಹಜ. ಆದರೆ ದೂರುವ ಮೊದಲು ಬಾ ಖಿನ್ ಅವರ ಪರಂಪರೆಯನ್ನೇ ಕೊಂಚ ಕೆದಕಬೇಕು. ಮನೆಮಂದಿ ಕಣ್ಣುಮುಚ್ಚಿ ಕೂರುವುದು ಬರ್ಮಾದಲ್ಲಿ ಹಿಂದಿನಿಂದ ಬಂದ ವಾಡಿಕೆಯಲ್ಲ. ಅವರ ಪಾಲಿಗೆ ದಾನ, ಪೂಜೆ, ಪುಣ್ಯ. ಎಷ್ಟೋ ಭಿಕ್ಖುಗಳಿಗೂ ಅಧ್ಯಯನವೇ ಮುಖ್ಯ. 1885ರಲ್ಲಿ ಬ್ರಿಟಿಷರು ಮಂಡಲೆಯನ್ನು ಹಿಡಿದು ಥೀಬಾ ರಾಜನನ್ನು ಭಾರತಕ್ಕೆ ಸಾಗಿಸಿದಾಗ ಭಿಕ್ಖು ಸಂಘವನ್ನು ಸಾಕುತ್ತಿದ್ದ ಅರಮನೆಯೇ ಇಲ್ಲವಾಯಿತು. ಇನ್ನು ಶಾಸನ, ಅಂದರೆ ಬುದ್ಧನ ಬೋಧನೆ, ಉಳಿಯುವುದು ಹೇಗೆ? ಲೇಡಿ ಸಯಾಡೊ ಎಂಬ ವಿದ್ವಾಂಸ ಭಿಕ್ಖು ಊರೂರು ತಿರುಗಿ ಜನಸಾಮಾನ್ಯರಿಗೆ ಬೌದ್ಧ ತತ್ತ್ವವಿಚಾರವಾದ ಅಭಿಧಮ್ಮ ಹೇಳಿದರು, ಧ್ಯಾನ ಕಲಿಸಿದರು. ಅವರ ಶಿಷ್ಯ, ರೈತ ಸಯಾ ಥೆಟ್‌ಜಿ. ಥೆಟ್‌ಜಿಯ ಶಿಷ್ಯ ಬಾ ಖಿನ್. ವಿಪಶ್ಯನ ಗೃಹಸ್ಥರ ಕೈಗೆ ಬಂದದ್ದೇ ವಸಾಹತು ಕಾಲದ ಆ ಭಯದಿಂದ. ಹಾಗಿರುವಾಗ ಪ್ರಾಚೀನ ಶುದ್ಧತೆಯ ಹೆಸರಿನಲ್ಲಿ ಆಸ್ಪತ್ರೆಯ ತರಗತಿಯನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಮರುಕಳಿಸುವ ಖಿನ್ನತೆಗೆ ಆ ತರಗತಿಯಿಂದ ಬೆಳೆದ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2004ರಲ್ಲೇ ಶಿಫಾರಸು ಮಾಡಿತು. ದುಃಖ ಅಷ್ಟಾದರೂ ತಗ್ಗಿತಲ್ಲ; ಅದನ್ನು ಕೀಳೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ಲೇಡಿ ಸಯಾಡೊ ಬಿಡದ ಒಂದನ್ನು ಹೊಸಬರು ಬಿಟ್ಟಿದ್ದಾರೆ: ಶೀಲ. 1969ರಲ್ಲಿ ಭಾರತಕ್ಕೆ ಬಂದ ಗೋಯೆಂಕಾ ಬೌದ್ಧರೆಂಬ ಹಣೆಪಟ್ಟಿ ಬೇಡವೆಂದರು, ಎಲ್ಲ ಮತದವರನ್ನೂ ಕೂರಿಸಿಕೊಂಡರು. 1994ರಲ್ಲಿ ತಿಹಾರ್ ಜೈಲಿನ ಸಾವಿರಕ್ಕೂ ಹೆಚ್ಚು ಕೈದಿಗಳೂ ಕುಳಿತರು. ಆದರೂ ಅವರ 10 ದಿನಗಳ ಶಿಬಿರ ಶುರುವಾಗುವುದು ಪಂಚಶೀಲದಿಂದಲೇ. ಕೊಲ್ಲೆನು, ಕದಿಯೆನು, ಸುಳ್ಳಾಡೆನು ಎಂದ ಮೇಲೆಯೇ ಉಸಿರಿನ ಪಾಠ. ಶುಲ್ಕವೂ ಇಲ್ಲ; ಶಿಬಿರ ಮುಗಿಸಿದವರು ಮುಂದಿನವರಿಗಾಗಿ ಕೊಟ್ಟಷ್ಟೇ ಹಣ. ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿ, ಅಂದರೆ ಮೈಂಡ್‌ಫುಲ್‌ನೆಸ್, ಒಂಟಿಯಾಗಿಲ್ಲ, ಅದರ ಜೊತೆ ಸಮ್ಯಕ್ ಆಜೀವ, ಅಂದರೆ ಸರಿಯಾದ ಜೀವನೋಪಾಯವಿದೆ; ಆಯುಧದ ವ್ಯಾಪಾರವೂ ವಿಷದ ವ್ಯಾಪಾರವೂ ಅಲ್ಲಿ ನಿಷಿದ್ಧ. ಅಮೆರಿಕದ ಸೈನಿಕರಿಗೂ ಮೈಂಡ್‌ಫುಲ್‌ನೆಸ್ ತರಬೇತಿ ಕೊಟ್ಟಿದ್ದಾರೆ. ಯುದ್ಧದಲ್ಲಿ ಬೆಂದ ಮನಸ್ಸಿಗೆ ಅದು ಆಸರೆಯಾಗಬಹುದು, ಗುರಿ ತಪ್ಪದಿರಲೂ ನೆರವಾಗಬಹುದು. ಎರಡನ್ನೂ ಬೇರೆಬೇರೆಯೆಂದು ನೋಡುವ ಕಣ್ಣು ಶೀಲದ್ದು, ಉಸಿರಾಟದ್ದಲ್ಲ.

ರೋಗಿಗೆ ಶೀಲ ಬೋಧಿಸುವುದು ವೈದ್ಯರ ಕೆಲಸವಲ್ಲ, ಅವರನ್ನು ದೂರಲಾರೆ. ಕಂಪನಿಯ ಮಾತು ಬೇರೆ. ಹನ್ನೆರಡು ಗಂಟೆ ದುಡಿಸಿ ದಣಿದ ನೌಕರನನ್ನು ಅರ್ಧ ಗಂಟೆ ಧ್ಯಾನಕ್ಕೆ ಕೂರಿಸಿದಾಗ ಅವನ ಎದೆಬಡಿತ ಇಳಿಯುತ್ತದೆ, ಕೆಲಸದ ಹೊರೆ ಇಳಿಯುವುದಿಲ್ಲ. ದುಃಖವೆಲ್ಲ ಅವನ ಮನಸ್ಸಿನದೇ ಎಂದು ಒಪ್ಪಿಸಿದಂತಾಗುತ್ತದೆ. ಬಾ ಖಿನ್ ಅವರ ಅಂದಿನ ಮಾತಿನೊಳಗಿದ್ದ ಪ್ರಶ್ನೆಯನ್ನು ಇಲ್ಲಿ ಕೂತವನಿಗಲ್ಲ, ಕೂರಿಸಿದವರಿಗೆ ಕೇಳಬೇಕು: ಯಾವುದಕ್ಕಾಗಿ ಬಂದಿರಿ?