ನೆಂಟರು ಬಂದರೆ ಗೋಲಗುಮ್ಮಟ, ಆಮೇಲೇನು?

ಪುಣೆಯಿಂದಲೋ ಬೆಂಗಳೂರಿನಿಂದಲೋ ನೆಂಟರು ಬಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಲ್ಲಿ ಒಂದೇ ಕಾರ್ಯಕ್ರಮ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ವಿಜಯಪುರದ ಬಸ್ಸು ಹತ್ತುವುದು. ಗೋಲಗುಮ್ಮಟದ ಒಳಗೆ ನಿಂತು ಒಮ್ಮೆ ಕೂಗುವುದು, ಇಬ್ರಾಹಿಂ ರೋಜಾ ನೋಡುವುದು, ಮುಲ್ಕ್ ಮೈದಾನ್ ತೋಪು ಮುಟ್ಟುವುದು, ಸಂಜೆಗೆ ವಾಪಸ್. ‘ನಿಮ್ಮೂರಾಗ ಏನೈತಿ?’ ಅಂತ ನೆಂಟರು ಕೇಳಿದರೆ ‘ನಮ್ಮಲ್ಲೇನೈತ್ರಿ, ಬರೇ ಬಿಸಿಲು’ ಎಂಬ ಉತ್ತರ. ಈ ಉತ್ತರದ ಪೆಟ್ಟು ಬೀಳುವುದು ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗಳ ಗಲ್ಲೆಗೆ.

1997ರಲ್ಲಿ ಜಿಲ್ಲೆ ಒಡೆಯಿತು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ ಎಲ್ಲವೂ ಬಾಗಲಕೋಟೆಯ ಪಾಲಾದವು. ಅಲ್ಲಿಂದೀಚೆಗೆ ಪ್ರವಾಸಿಯ ಲೆಕ್ಕದಲ್ಲಿ ವಿಜಯಪುರ ಜಿಲ್ಲೆ ಎಂದರೆ ಶಹರ ಒಂದೇ. ಬೆಳಿಗ್ಗೆ ಬಂದವನು ಗುಮ್ಮಟ ನೋಡಿ ರಾತ್ರಿ ಹೊತ್ತಿಗೆ ಬಾದಾಮಿಯಲ್ಲೋ ಹೊಸಪೇಟೆಯಲ್ಲೋ ರೂಮು ಹಿಡಿದಿರುತ್ತಾನೆ.

ವಿಚಿತ್ರ ಅಂದ್ರೆ, ಶಹರದ ಕಟ್ಟಡಗಳ ಅರ್ಧ ಕಥೆ ಇರುವುದು ತಾಲ್ಲೂಕುಗಳಲ್ಲಿ. 1565ರ ಜನವರಿ 23ರಂದು ವಿಜಯನಗರದ ಅಳಿಯ ರಾಮರಾಯ ತಲೆ ಕಳೆದುಕೊಂಡ ಯುದ್ಧಕ್ಕೆ ತಾಳಿಕೋಟೆಯ ಹೆಸರಿದೆ. ಸುಲ್ತಾನರ ದಂಡು ಬೀಡುಬಿಟ್ಟದ್ದು ತಾಳಿಕೋಟೆಯಲ್ಲಿ, ಬಡಿದಾಡಿದ್ದು ಕೃಷ್ಣೆ ದಾಟಿ ದಕ್ಷಿಣಕ್ಕೆ. ರಕ್ಕಸಗಿ-ತಂಗಡಗಿ ಯುದ್ಧ ಎಂದು ಕರೆಯುವುದು ಅದಕ್ಕೇ. ಆ ಗೆಲುವಿನ ಬಳಿಕವೇ ಅಲಿ ಆದಿಲ್ ಶಾಹ ಜಾಮಿ ಮಸೀದಿಗೆ ಕೈಹಾಕಿದ. ಗೋಲಗುಮ್ಮಟ ಮುಗಿದದ್ದು 1656ರ ಸುಮಾರಿಗೆ. ಕಟ್ಟಡ ತೋರಿಸಿ ಅದರ ಕಾರಣ ತೋರಿಸದೇ ನೆಂಟರನ್ನು ಕಳಿಸುವುದು ಬೀಗರಿಗೆ ಊಟ ಹಾಕಿ ನೀರು ಕೊಡದಂತೆ.

ಈಗ ತಂಗಡಗಿ ಇರುವುದು ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ರಕ್ಕಸಗಿ ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿ. ಬಸವಣ್ಣನವರ ಕಥೆಯೂ ಹಾಗೇ. ಹುಟ್ಟಿದ ಬಾಗೇವಾಡಿ ಈ ಜಿಲ್ಲೆಗೆ, ಐಕ್ಯವಾದ ಕೂಡಲಸಂಗಮ ಆ ಜಿಲ್ಲೆಗೆ, ನೀಲಾಂಬಿಕೆಯ ನೆಲೆ ತಂಗಡಗಿ ಮತ್ತೆ ಈ ಜಿಲ್ಲೆಗೆ. ಕತೆ ಒಂದು, ಕಚೇರಿ ಎರಡು. ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಘೋಷಣೆ ಒಳ್ಳೆಯದೇ. ಆದರೆ ಬಾಗೇವಾಡಿಯ ಗುಡಿ, ಪಕ್ಕದ ಇಂಗಳೇಶ್ವರ, ಆಲಮಟ್ಟಿ, ಸಂಗಮ, ತಂಗಡಗಿ ಈ ಐದನ್ನು ಒಂದೇ ದಿನದಲ್ಲಿ ತೋರಿಸುವ ಕೆಲಸ ಎರಡು ಜಿಲ್ಲೆಯ ಅಧಿಕಾರಿಗಳು ಒಂದು ಮೇಜಿಗೆ ಕೂತರೆ ಮಾತ್ರ ಆದೀತು.

ಇಂಡಿಯವರು ತಮ್ಮೂರ ಲಿಂಬಿಕಾಯಿ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ, ಸಾಲೋಟಗಿ ಬಗ್ಗೆ ಮಾತಿಲ್ಲ. ಕ್ರಿ.ಶ. 945ರ ಅಲ್ಲಿನ ಶಾಸನ ಓದಿದರೆ ದಂಗಾಗಬೇಕು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ. ನಾನಾ ನಾಡಿನಿಂದ ಹುಡುಗರು ಬಂದರು, ಅವರು ಉಳಿಯಲು 27 ಮನೆ, ಖರ್ಚಿಗೆ 500 ನಿವರ್ತನ ಹೊಲ, ದೀಪದೆಣ್ಣೆಗೆ ಬೇರೆ 12 ನಿವರ್ತನ. ಅಷ್ಟೇ ಅಲ್ಲ, ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಮುಂಜಿಗೆ ಎರಡೂವರೆ, ಜವಳಕ್ಕೆ ಒಂದೂಕಾಲು. ಸಾವಿರ ವರ್ಷದ ಹಿಂದೆಯೇ ಹಾಸ್ಟೆಲು, ಅದಕ್ಕೊಂದು ಪಟ್ಟಿ! ಇವತ್ತು ಹಾಸ್ಟೆಲ್ ಸೀಟಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವ ಹುಡುಗರಿಗೆ ಈ ಸಂಗತಿ ಯಾರು ಹೇಳಿದ್ದಾರೆ?

ಸಿಂದಗಿಯದು ಬೇರೆ ನಮೂನೆ. ಗೊಲಗೇರಿಯ ಗೊಲ್ಲಾಳೇಶ್ವರನಿಗೆ ಭಕ್ತರಿದ್ದಾರೆ, ಪರವೂರ ಪ್ರವಾಸಿ ಮಾತ್ರ ಹೊರಳಿ ನೋಡುವುದಿಲ್ಲ. ಆದರೂ ವಿಜಯಪುರದಿಂದ ಕಲಬುರಗಿ, ಬೀದರಿಗೆ ಹೋಗುವ ಹೆದ್ದಾರಿ ಇಲ್ಲೇ ಹಾಯುತ್ತದೆ. ಈ ಮೂರು ಊರಿನ ಸುಲ್ತಾನರ ಕಾಲದ ಸ್ಮಾರಕಗಳು 2014ರಿಂದ ಯುನೆಸ್ಕೋದ ತಾತ್ಕಾಲಿಕ ಯಾದಿಯಲ್ಲಿವೆ. ನಾಳೆ ಪಕ್ಕಾ ಯಾದಿಗೆ ಸೇರಿದರೆ ದಾರಿಯ ನಡುವೆ ಚಹಾ, ಊಟ, ಶೌಚಾಲಯ ಹುಡುಕುವ ಗಾಡಿಗಳು ಸಿಂದಗಿಯಲ್ಲೇ ನಿಲ್ಲಬೇಕು. ಶೌಚಾಲಯ ಸ್ವಚ್ಛ ಇದ್ದರೆ ನಿಲ್ಲುತ್ತಾರೆ, ಇಲ್ಲವಾದರೆ ಜೇವರ್ಗಿಗೆ ಹೋಗುತ್ತಾರೆ. ಇದರಲ್ಲಿ ಇತಿಹಾಸದ ಪ್ರಶ್ನೆಯೇ ಇಲ್ಲ.

ದೊಡ್ಡ ಯೋಜನೆ, ಕೋಟಿಗಟ್ಟಲೆ ಅಂದಾಜುಪತ್ರಿಕೆ ಇದಕ್ಕೆ ಬೇಡ. ಕಲ್ಯಾಣ ಕರ್ನಾಟಕ ಸಾರಿಗೆಯವರು ಭಾನುವಾರಕ್ಕೊಂದು ಬಸ್ಸನ್ನು ಬಾಗೇವಾಡಿ, ಆಲಮಟ್ಟಿ, ಸಂಗಮ, ತಂಗಡಗಿ, ಮುದ್ದೇಬಿಹಾಳ, ತಾಳಿಕೋಟೆ ಸುತ್ತಿಸಿ ಸಂಜೆಗೆ ಶಹರಕ್ಕೆ ತಂದರೆ ಆರು ತಿಂಗಳಲ್ಲಿ ಲಾಭವೋ ಲುಕ್ಸಾನೋ ಗೊತ್ತಾಗುತ್ತದೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿಲ್ಲ, ಆದ್ದರಿಂದ ಬಸ್ಸೇ ಗತಿ. ಇನ್ನು ಸಾಲೋಟಗಿ ಕ್ರಾಸಿನಲ್ಲಿ ಆ 27 ಮನೆಗಳ ಸಂಗತಿಯನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಫಲಕ ಬೇಕು. ಅದಕ್ಕೆ ಬೇಕಾದದ್ದು ಪಂಚಾಯಿತಿಯ ಒಂದು ಠರಾವು, ಒಬ್ಬ ಪೇಂಟರ್.